ಹಕ್ಕಿಗಳ ಪಾಲಿನ ಮಯಸಭೆ

ಮಹಾಭಾರತದ ಸಭಾಪರ್ವದಲ್ಲಿ ಬರುವ ಮಯಸಭೆಯ ಪ್ರಸಂಗ ಕನ್ನಡ ನಾಡಿನ ಮಕ್ಕಳಿಗೆ ಹೊಸತಲ್ಲ. ಇಂದ್ರಪ್ರಸ್ಥಕ್ಕೆ ಬಂದ ದುರ್ಯೋಧನನು ಮಯನು ನಿರ್ಮಿಸಿದ ಆ ಸಭಾಭವನದಲ್ಲಿ ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಉಟ್ಟ ವಸ್ತ್ರವನ್ನು ಎತ್ತಿ ಹಿಡಿದನು. ನೀರನ್ನು ನೆಲವೆಂದು ತಿಳಿದು ಕೊಳಕ್ಕೆ ಬಿದ್ದನು. ಮುಚ್ಚಿದ್ದ ಸ್ಫಟಿಕದ ಬಾಗಿಲನ್ನು ತೆರೆದ ದಾರಿಯೆಂದು ನಂಬಿ ನಡೆದು ಹಣೆಯನ್ನು ಬಡಿಸಿಕೊಂಡನು. ನೋಡುತ್ತಿದ್ದವರು ನಕ್ಕರು. ಆ ನಗೆಯಿಂದ ಮುಂದೆ ಏನೇನು ಅನರ್ಥವಾಯಿತೆಂಬುದು ಬೇರೆಯ ಕಥೆ. ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೆ: ದುರ್ಯೋಧನನಿಗೆ ಕಣ್ಣಿನ ದೋಷವಿರಲಿಲ್ಲ, ಬುದ್ಧಿಯ ಕೊರತೆಯೂ ಇರಲಿಲ್ಲ. ಅದುವರೆಗೆ ಅವನು ಕಂಡರಿಯದ ವಸ್ತುವೊಂದು ಅವನ ಎದುರಿಗಿತ್ತು.

ಆ ಕಾಲಕ್ಕೆ ಒಂದೇ ಒಂದಾಗಿದ್ದ ಮಯಸಭೆ ಇಂದು ಊರೂರಿನಲ್ಲಿಯೂ ಎದ್ದು ನಿಂತಿದೆ. ಬ್ಯಾಂಕು, ಆಸ್ಪತ್ರೆ, ಮಳಿಗೆ, ಕಲ್ಯಾಣಮಂಟಪ, ಅಷ್ಟೇಕೆ, ಹೊಸದಾಗಿ ಕಟ್ಟಿದ ಸಾಮಾನ್ಯ ಮನೆಯ ಮುಂಭಾಗವೂ ಗಾಜಿನಿಂದ ಥಳಥಳಿಸುತ್ತದೆ. ಅದರಲ್ಲಿ ಮೋಸಹೋಗುವವರು ಮಾತ್ರ ಮನುಷ್ಯರಲ್ಲ, ಹಕ್ಕಿಗಳು. ದುರ್ಯೋಧನನು ಹಣೆಯನ್ನು ತಡವಿಕೊಂಡು ಎದ್ದು ಹೋದನು. ವೇಗವಾಗಿ ಹಾರಿಬಂದು ಗಾಜಿಗೆ ಬಡಿದ ಹಕ್ಕಿ ಅನೇಕ ಸಲ ಏಳುವುದಿಲ್ಲ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳು ನದಿಯ ದಡದಲ್ಲಿ ಬೆಳೆದ ಊರುಗಳು. ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರದ ಬಳಿಯಲ್ಲಿ ಹರಿಯುವ ಕಪಿಲೆ ಕೆಳಗೆ ಸಾಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಡುವೆ ಭತ್ತದ ಗದ್ದೆ, ಬಾಳೆಯ ತೋಟ, ತೆಂಗು, ಹೊಂಗೆ, ನಾಲೆ, ಕೆರೆ. ಹಕ್ಕಿಗೆ ಬೇಕಾದುದೆಲ್ಲ ಇಲ್ಲಿದೆ. ಆದುದರಿಂದ ಇಲ್ಲಿ ನೆಲಸಿದ ಹಕ್ಕಿಗಳು ಮಾತ್ರವಲ್ಲದೆ, ಪ್ರತಿವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ಬರುವ ಅತಿಥಿಗಳೂ ಉಂಟು. ಅವುಗಳಲ್ಲಿ ನವರಂಗ ಹಕ್ಕಿ ಒಂದು. ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ ಎಂದು ಬಣ್ಣಗಳನ್ನೆಲ್ಲ ಮೈಮೇಲೆ ಧರಿಸಿದ ಈ ಮೋಟುಬಾಲದ ಪುಟ್ಟ ಹಕ್ಕಿ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಬರುತ್ತದೆ. ಅದು ಪ್ರಯಾಣ ಮಾಡುವುದು ರಾತ್ರಿಯಲ್ಲಿ. ಹಗಲಿನಲ್ಲಿ ಪೊದೆಯ ಕೆಳಗೆ ತರಗೆಲೆಗಳನ್ನು ಕೆದಕುತ್ತ ಇರುವ ಇದನ್ನು ಕಂಡವರು ವಿರಳ. ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಕೂಗುವುದರಿಂದ ತಮಿಳರು ಇದಕ್ಕೆ ‘ಆರು ಗಂಟೆಯ ಹಕ್ಕಿ’ ಎಂಬರ್ಥದ ಹೆಸರಿಟ್ಟಿದ್ದಾರೆ. ದಕ್ಷಿಣದ ಊರುಗಳಲ್ಲಿ ಅನೇಕರು ನವರಂಗವನ್ನು ಮೊಟ್ಟಮೊದಲು ಹತ್ತಿರದಿಂದ ಕಾಣುವುದು ಕಿಟಕಿಯ ಕೆಳಗೆ ಬಿದ್ದಿರುವಾಗ ಎಂಬುದು ವಿಷಾದದ ಮಾತು. ನೂರಾರು ಮೈಲಿ ಕತ್ತಲೆಯಲ್ಲಿ ದಾರಿ ತಪ್ಪದೆ ಬಂದ ಜೀವ ಯಾರದೋ ಅಡಿಗೆಮನೆಯ ಗಾಜಿಗೆ ಸೋಲುತ್ತದೆ.

ಹೀಗೇಕೆ ಆಗುತ್ತದೆ? ಗಾಜು ಹಕ್ಕಿಯನ್ನು ಎರಡು ಬಗೆಯಲ್ಲಿ ವಂಚಿಸುತ್ತದೆ. ಮೊದಲನೆಯದು ಅದರ ಪಾರದರ್ಶಕತೆ. ಮನೆಯ ಮೂಲೆಯಲ್ಲಿ ಎರಡು ಕಿಟಕಿಗಳು ಕೂಡಿದ್ದರೆ ಒಂದರ ಮೂಲಕ ನೋಡಿದಾಗ ಇನ್ನೊಂದರ ಆಚೆಗಿನ ಮರ ಕಾಣುತ್ತದೆ. ಹಕ್ಕಿ ಆ ಮರಕ್ಕೆ ನೇರವಾಗಿ ಹಾರುತ್ತದೆ. ಎರಡನೆಯದು, ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರವಾದುದು, ಪ್ರತಿಬಿಂಬ. ಬಾವಿಯೊಳಗೆ ಬಗ್ಗಿ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಾವಿಯ ಆಳ ಕತ್ತಲಾಗಿರುತ್ತದೆ, ಮೇಲಿನ ಆಕಾಶ ಬೆಳಗುತ್ತಿರುತ್ತದೆ. ನೀರು ಹಿಂದಿರುಗಿಸುವುದು ಕೊಂಚವೇ ಬೆಳಕಾದರೂ ಕತ್ತಲೆಯ ಹಿನ್ನೆಲೆಯಲ್ಲಿ ಆಕಾಶವೂ ನೋಡುವವನ ಮುಖವೂ ಸ್ಪಷ್ಟವಾಗಿ ಮೂಡುತ್ತವೆ. ಕಿಟಕಿಯದೂ ಇದೇ ನ್ಯಾಯ. ನೇರವಾಗಿ ಬಿದ್ದ ಬೆಳಕಿನಲ್ಲಿ ಸಾಧಾರಣ ಗಾಜು ಹಿಂದಿರುಗಿಸುವುದು ನೂರಕ್ಕೆ ಎಂಟು ಪಾಲಿನಷ್ಟನ್ನು ಮಾತ್ರ. ಆದರೆ ಹಗಲಿನಲ್ಲಿ ಕೋಣೆಯ ಒಳಗಿನ ಬೆಳಕಿಗಿಂತ ಹೊರಗಿನ ಬೆಳಕು ಎಷ್ಟೋ ಪಾಲು ಹೆಚ್ಚು. ಆದಕಾರಣ ಹೊರಗೆ ನಿಂತು ನೋಡಿದರೆ ಗಾಜಿನಲ್ಲಿ ಕೋಣೆ ಕಾಣದೆ ಎದುರಿನ ತೆಂಗು, ಹೊಂಗೆ, ಮೋಡಗಳೇ ಕಾಣುತ್ತವೆ. ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ಅಂಗಳದಲ್ಲಿ ನಿಂತು ಗಾಜಿನ ಕಿಟಕಿಯೊಂದನ್ನು ನೋಡಿದ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಲಾರದು. ಬಣ್ಣದ ಲೇಪವಿರುವ ಕನ್ನಡಿಗಾಜಿನಲ್ಲಂತೂ ಈ ಭ್ರಮೆ ಪೂರ್ಣವಾಗುತ್ತದೆ.

ಹಾಗಾದರೆ ಮನುಷ್ಯನೇಕೆ ಗಾಜಿಗೆ ಬಡಿಯುವುದಿಲ್ಲ? ಅವನೂ ಗಾಜನ್ನು ಕಾಣುವುದಿಲ್ಲ. ಅವನು ಕಾಣುವುದು ಚೌಕಟ್ಟನ್ನು, ಹಿಡಿಯನ್ನು, ಗಾಜಿನ ಮೇಲಿನ ಧೂಳನ್ನು. ಇವುಗಳಿಂದ ಇಲ್ಲಿ ಗಾಜಿದೆ ಎಂದು ಊಹಿಸುತ್ತಾನೆ. ಕಿಟಕಿಯೆಂಬುದನ್ನು ಅರಿಯದ ಹಕ್ಕಿಗೆ ಚೌಕಟ್ಟು ಏನನ್ನೂ ಹೇಳದು. ಇದಲ್ಲದೆ ಬಹುಪಾಲು ಹಕ್ಕಿಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಪಕ್ಕದಿಂದ, ಹಿಂದಿನಿಂದ ಬರುವ ಶತ್ರುವನ್ನು ಕಾಣುವುದಕ್ಕೆ ಅದು ಅನುಕೂಲ. ಎರಡು ಕಣ್ಣುಗಳೂ ಕೂಡಿ ನೋಡುವ ಮುಂದಿನ ಕ್ಷೇತ್ರ ಮಾತ್ರ ಇಕ್ಕಟ್ಟಾದುದು. ಕೋಟ್ಯಂತರ ವರ್ಷಗಳಿಂದ ಹಕ್ಕಿಯ ಎದುರಿಗಿನ ಬಯಲು ಬಯಲೇ ಆಗಿತ್ತು. ಗಟ್ಟಿಯಾದ ಬಯಲೊಂದು ಇರಬಹುದೆಂದು ಅದರ ಕಣ್ಣಿಗೆ ಯಾರೂ ಕಲಿಸಿಲ್ಲ.

ಹಳೆಯ ಮನೆಗಳಲ್ಲಿ ಈ ಕಷ್ಟವಿರಲಿಲ್ಲ. ಕಬ್ಬಿಣದ ಇಲ್ಲವೆ ಮರದ ಕಂಬಿಗಳ ಕಿಟಕಿ, ಅದಕ್ಕೆ ಹಲಗೆಯ ಬಾಗಿಲು, ಮೇಲೆ ಜಾಲಂದ್ರ. ಗಾಳಿ, ಬೆಳಕು ಬರುತ್ತಿದ್ದವು. ಕಂಬಿಗಳ ನಡುವೆ ಬೆಕ್ಕು ನುಸುಳುವುದೂ ಉಂಟು. ಆದರೆ ಹೊರಗಿನ ಹಕ್ಕಿಗೆ ಆ ಕಂಬಿಗಳ ಸಾಲು ಚೆನ್ನಾಗಿ ಕಾಣುತ್ತಿತ್ತು. ಅಂದಿನ ಬಡಗಿ ಕಳ್ಳರ ಭಯದಿಂದ ಹಾಕಿದ ಕಂಬಿ ಹಕ್ಕಿಯ ಜೀವವನ್ನೂ ಕಾಯುತ್ತಿತ್ತು.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಪಿಕಳಾರವೋ ಸೂರಕ್ಕಿಯೋ ಕಿಟಕಿಯ ಬಳಿ ಕುಳಿತು ಗಾಜನ್ನು ಮತ್ತೆ ಮತ್ತೆ ಕುಕ್ಕುವುದನ್ನು, ಗುಬ್ಬಚ್ಚಿ ಮೋಟಾರಿನ ಕನ್ನಡಿಯೊಡನೆ ಕಾದಾಡುವುದನ್ನು ಅನೇಕರು ಕಂಡಿರುತ್ತಾರೆ. ಅದು ತನ್ನ ಬಿಂಬವನ್ನು ಎದುರಾಳಿಯೆಂದು ತಿಳಿದು ಮಾಡುವ ಜಗಳ. ಗೂಡು ಕಟ್ಟುವ ಕಾಲ ಕಳೆದರೆ ಜಗಳವೂ ಮುಗಿಯುತ್ತದೆ. ಪ್ರಾಣಕ್ಕೆ ಅಪಾಯ ಅಪರೂಪ. ಡಿಕ್ಕಿಯ ಸಂಗತಿ ಹಾಗಲ್ಲ. ಅದು ಒಂದೇ ಸಲ, ಪೂರ್ಣ ವೇಗದಲ್ಲಿ ನಡೆಯುತ್ತದೆ. ಸತ್ತ ಹಕ್ಕಿಯ ಕತ್ತು ಮುರಿದಿರಬೇಕೆಂದು ಜನ ಭಾವಿಸುತ್ತಾರೆ; ಪರೀಕ್ಷಿಸಿ ನೋಡಿದವರಿಗೆ ಸಾಮಾನ್ಯವಾಗಿ ಕಂಡುಬಂದದ್ದು ತಲೆಯೊಳಗಿನ ರಕ್ತಸ್ರಾವ. ಬಡಿದು ಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಹಾರಿಹೋದ ಹಕ್ಕಿಯೂ ದೂರದಲ್ಲೆಲ್ಲೋ ಸಾಯಬಹುದು.

ಈ ವಿಷಯವನ್ನು ಜೀವಮಾನದ ಅಧ್ಯಯನವಾಗಿ ಕೈಗೊಂಡವರು ಅಮೆರಿಕದ ಪಕ್ಷಿವಿಜ್ಞಾನಿ ಡೇನಿಯಲ್ ಕ್ಲೆಮ್. 1974ರಲ್ಲಿ ಅವರು ಇದನ್ನು ಆರಂಭಿಸಿದಾಗ ಅದನ್ನು ಗಂಭೀರವಾದ ಪ್ರಶ್ನೆಯೆಂದು ಎಣಿಸಿದವರು ಕಡಿಮೆ. ಒಂದು ಮನೆಯ ಕಿಟಕಿಗೆ ವರ್ಷಕ್ಕೆ ಒಂದೋ ಎರಡೋ ಹಕ್ಕಿ ಬಡಿದರೆ ಏನು ಮಹಾ ಎಂಬುದು ಸಾಮಾನ್ಯ ಭಾವನೆ. ಆದರೆ ಕಿಟಕಿಗಳ ಸಂಖ್ಯೆಯಿಂದ ಗುಣಿಸಿ ನೋಡಬೇಕು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಕ್ಕೆ 36 ಕೋಟಿ 50 ಲಕ್ಷದಿಂದ 98 ಕೋಟಿ 80 ಲಕ್ಷದವರೆಗೆ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಇದಕ್ಕಿಂತಲೂ ಆಶ್ಚರ್ಯಕರವಾದ ಅಂಶ ಮತ್ತೊಂದಿದೆ. ಗಗನಚುಂಬಿ ಕಟ್ಟಡಗಳ ಪಾಲು ಇದರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ! ಸುಮಾರು 44 ಪಾಲು ಒಂದರಿಂದ ಮೂರು ಅಂತಸ್ತಿನ ವಾಸದ ಮನೆಗಳದು. ಉಳಿದುದು ಹನ್ನೊಂದು ಅಂತಸ್ತಿನವರೆಗಿನ ಕಟ್ಟಡಗಳದು. ಒಂದೊಂದು ಎತ್ತರದ ಕಟ್ಟಡ ಹೆಚ್ಚು ಹಕ್ಕಿಗಳನ್ನು ಕೊಲ್ಲುವುದು ನಿಜ. ಆದರೆ ಅವುಗಳ ಸಂಖ್ಯೆ ಅಲ್ಪ. ಮರಗಳ ಎತ್ತರವೇ ಹಕ್ಕಿಗಳ ಓಡಾಟದ ಎತ್ತರ; ಸಾಧಾರಣ ಮನೆಗಳ ಎತ್ತರವೂ ಅದೇ. ಆದುದರಿಂದ ಇದು ಮಹಾನಗರಗಳ ಸಮಸ್ಯೆಯೆಂದು ನಂಜನಗೂಡಿನಂಥ, ನರಸೀಪುರದಂಥ ಊರುಗಳು ಸುಮ್ಮನಿರುವಂತಿಲ್ಲ. ತೋಟದ ಪಕ್ಕದಲ್ಲಿಯೇ ಗಾಜಿನ ಮನೆ ಏಳುವುದು ಇಂಥ ಊರುಗಳಲ್ಲಿಯೇ.

ರಾತ್ರಿಯ ದೀಪಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಇರುಳಿನಲ್ಲಿ ವಲಸೆ ಹೋಗುವ ಹಕ್ಕಿಗಳು ಪ್ರಖರವಾದ ಬೆಳಕಿಗೆ ಆಕರ್ಷಿತವಾಗಿ ದಿಕ್ಕುಗೆಟ್ಟು ಕೆಳಗಿಳಿಯುತ್ತವೆ. 2023ರ ಅಕ್ಟೋಬರ್ 5ರಂದು ಅಮೆರಿಕದ ಷಿಕಾಗೋ ನಗರದಲ್ಲಿ, ಸರೋವರದ ದಡದ ಮೆಕಾರ್ಮಿಕ್ ಪ್ಲೇಸ್ ಎಂಬ ಒಂದೇ ಸಭಾಭವನದ ಬಳಿ ಸುಮಾರು ಒಂದು ಸಾವಿರ ಹಕ್ಕಿಗಳು ಸತ್ತುಬಿದ್ದಿದ್ದವು. ಮಾರನೆಯ ವರ್ಷ ಆ ಭವನದ ಗಾಜುಗಳ ಮೇಲೆ ಚಿಕ್ಕ ಚಿಕ್ಕ ಚುಕ್ಕೆಗಳುಳ್ಳ ತೆಳುಹಾಳೆಯನ್ನು ಅಂಟಿಸಿದರು. ಅನಂತರದ ವಲಸೆಯ ಕಾಲದಲ್ಲಿ ಸಾವಿನ ಸಂಖ್ಯೆ ನೂರಕ್ಕೆ ತೊಂಬತ್ತೈದರಷ್ಟು ತಗ್ಗಿತು. ಕಟ್ಟಡವನ್ನು ಕೆಡವಲಿಲ್ಲ, ಗಾಜನ್ನು ತೆಗೆಯಲಿಲ್ಲ. ಚುಕ್ಕೆಗಳನ್ನು ಇಟ್ಟರು, ಅಷ್ಟೆ.

ಈ ಚುಕ್ಕೆಗಳ ಗುಟ್ಟು ಅವುಗಳ ನಡುವಣ ಅಂತರದಲ್ಲಿದೆ. ದಟ್ಟವಾದ ಕೊಂಬೆಗಳ ನಡುವೆ ನುಸುಳುವ ಅಭ್ಯಾಸವಿರುವ ಹಕ್ಕಿ ತನ್ನ ಮೈ ಹಿಡಿಸುವ ಸಂದು ಕಂಡರೆ ಅದರಲ್ಲಿ ಹಾರಿಯೇ ಹಾರುತ್ತದೆ. ದೊಡ್ಡ ಗಾಜಿನ ನಡುವೆ ಗಿಡುಗನ ಚಿತ್ರವೊಂದನ್ನು ಅಂಟಿಸಿ ನಿಶ್ಚಿಂತರಾಗುವವರು ಉಂಟು. ಹಕ್ಕಿ ಆ ಚಿತ್ರಕ್ಕೆ ಹೆದರುವುದಿಲ್ಲ. ಅದನ್ನು ತಪ್ಪಿಸಿ ಪಕ್ಕದ ಗಾಜಿಗೆ ಬಡಿಯುತ್ತದೆ. ಗುರುತುಗಳ ನಡುವಣ ಅಂತರ ಐದು ಸೆಂಟಿಮೀಟರು, ಎಂದರೆ ಎರಡು ಅಂಗುಲ, ಮೀರಬಾರದು. ಆಗ ಪುಟ್ಟ ಹಕ್ಕಿಯೂ ಇಲ್ಲಿ ದಾರಿಯಿಲ್ಲವೆಂದು ತಿಳಿದು ಪಕ್ಕಕ್ಕೆ ಹೊರಳುತ್ತದೆ. ಗುರುತು ಗಾಜಿನ ಹೊರಮೈಯಲ್ಲಿಯೇ ಇರಬೇಕು. ಒಳಗೆ ಪರದೆ ಕಟ್ಟಿದರೆ, ಒಳಮೈಗೆ ಕಾಗದ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅದನ್ನು ನುಂಗಿಬಿಡುತ್ತದೆ.

ಇದಕ್ಕೆ ಹೆಚ್ಚಿನ ಹಣವೂ ಬೇಡ. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವ ಮನೆಗಳಿಗೆ ಸಮ ಅಂತರದಲ್ಲಿ ಚುಕ್ಕೆಯಿಡುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಡಲೆಕಾಳಿನಷ್ಟಾದರೂ ದೊಡ್ಡದಾದ ಬಿಳಿಯ ಚುಕ್ಕೆಗಳನ್ನು ಎರಡೆರಡು ಅಂಗುಲಕ್ಕೆ ಒಂದರಂತೆ ಗಾಜಿನ ಹೊರಮೈ ತುಂಬ ಇಟ್ಟರಾಯಿತು. ಮಳೆಯಲ್ಲಿ ಅಳಿಸಿದರೆ ಮತ್ತೆ ಇಡಬೇಕಾದೀತು. ಇಲ್ಲವೆ ಕಿಟಕಿಯ ಮೇಲಿನಿಂದ ಹುರಿಗಳನ್ನು ಹೊರಗಡೆ ಹತ್ತು ಸೆಂಟಿಮೀಟರಿಗೊಂದರಂತೆ ಇಳಿಬಿಡಬಹುದು. ಗಾಳಿಗೆ ಅಲುಗುವ ಹುರಿಗಳನ್ನು ಹಕ್ಕಿ ದೂರದಿಂದಲೇ ಕಾಣುತ್ತದೆ. ಸೊಳ್ಳೆಯ ಪರದೆಯನ್ನು ಗಾಜಿನ ಹೊರಗೆ ಬಿಗಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಹೊಸದಾಗಿ ಕಟ್ಟುವವರಂತೂ ಗೆರೆಯೋ ಚುಕ್ಕೆಯೋ ಅಚ್ಚಾದ ಗಾಜನ್ನೇ ಹಾಕಿಸಬಹುದು. ನ್ಯೂಯಾರ್ಕ್ ನಗರವು 2021ರಿಂದ ಹೊಸ ಕಟ್ಟಡಗಳಿಗೆ ಇಂಥ ಗಾಜನ್ನು ಕಡ್ಡಾಯ ಮಾಡಿದೆ. ಕಿಟಕಿಯ ಅಂದ ಕೆಡುವುದೆಂದು ಆಕ್ಷೇಪಿಸುವವರಿಗೆ ಹಂಪೆಯ, ಬೇಲೂರಿನ ಶಿಲ್ಪಿಗಳನ್ನು ನೆನಪಿಸಬಹುದು; ಬೇಲೂರಿನ ಜಾಲಂದ್ರಗಳನ್ನು ಅಂದಗೆಟ್ಟವೆಂದು ಯಾರೂ ಹೇಳಿಲ್ಲ.

ಗಾಜಿನಂತೆಯೇ ಕಣ್ಣಿಗೆ ಬೀಳದ ಇನ್ನೊಂದು ವಸ್ತು ವಿದ್ಯುತ್ತಿನ ತಂತಿ. ಮೈಸೂರು ಅರಸುಮನೆತನದ ಮೂಲದ ಐತಿಹ್ಯದಲ್ಲಿ ಹೆಸರು ಬರುವ ಹದಿನಾರು ಗ್ರಾಮ ನಂಜನಗೂಡು ತಾಲ್ಲೂಕಿನಲ್ಲಿದೆ. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಸರೋವರಗಳಲ್ಲಿ ಮರಿಮಾಡುವ ಇವು ಹಿಮಾಲಯವನ್ನೇ ದಾಟುತ್ತವೆ. ಹಾರುವಾಗ ಏಳು ಸಾವಿರ ಮೀಟರಿಗೂ ಮೇಲೇರಿದ್ದು ದಾಖಲಾಗಿದೆ. ಹಗಲು ಕೆರೆಯಲ್ಲಿ ವಿರಮಿಸಿ ಸಂಜೆಯ ಮಬ್ಬಿನಲ್ಲಿ ಹೊಲಗದ್ದೆಗಳಿಗೆ ಮೇಯಲು ಹೊರಡುವ ಈ ಭಾರವಾದ ಹಕ್ಕಿಗಳಿಗೆ ಹಿಮಾಲಯಕ್ಕಿಂತ ಕೆರೆಯ ಪಕ್ಕದ ತಂತಿಯೇ ದಾಟಲು ಕಠಿನವಾದೀತು. ಕೆರೆಗಳ ಬಳಿಯ ತಂತಿಗಳಿಗೆ ಸುರುಳಿಗಳನ್ನೋ ತಿರುಗುವ ಬಿಲ್ಲೆಗಳನ್ನೋ ತೂಗುಹಾಕುವುದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಇಲ್ಲಿಯೂ ತತ್ತ್ವ ಅದೇ: ಕಾಣದುದನ್ನು ಕಾಣುವಂತೆ ಮಾಡುವುದು.

ತಿರುಮಕೂಡಲಿನಲ್ಲಿ ಎರಡು ನದಿಗಳೊಡನೆ ಸ್ಫಟಿಕ ಸರೋವರವೆಂಬ ಮೂರನೆಯ ತೀರ್ಥವೂ ಗುಪ್ತವಾಗಿ ಕೂಡುತ್ತದೆಂದು ಭಕ್ತರು ನಂಬುತ್ತಾರೆ. ಕಾಣದ ಆ ಸ್ಫಟಿಕದಿಂದ ಯಾವ ಹಕ್ಕಿಗೂ ಕೇಡಿಲ್ಲ. ಸಂಗಮದ ದಡದ ಮನೆಗಳ ಕಾಣದ ಸ್ಫಟಿಕಕ್ಕೆ ಮಾತ್ರ ಗುರುತು ಬೇಕು.

ಇಷ್ಟಾದರೂ ಹಕ್ಕಿಯೊಂದು ಬಡಿದು ಬಿದ್ದರೆ ಏನು ಮಾಡಬೇಕು? ಗಾಬರಿಯಿಂದ ನೀರು ಹಾಕಬಾರದು, ಕೊಕ್ಕು ಬಿಡಿಸಿ ಏನನ್ನೂ ಕುಡಿಸಬಾರದು. ನೀರು ಶ್ವಾಸನಾಳಕ್ಕೆ ಹೋದೀತು. ತೆಳುವಾದ ಬಟ್ಟೆಯಲ್ಲಿ ಮೃದುವಾಗಿ ಎತ್ತಿ, ಗಾಳಿಗೆ ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬೆಕ್ಕು ನಾಯಿಗಳ ಕಾಟವಿಲ್ಲದ ಕತ್ತಲಾದ ನಿಶ್ಶಬ್ದ ಸ್ಥಳದಲ್ಲಿ ಇರಿಸಬೇಕು. ಮಕ್ಕಳು ಗಳಿಗೆಗೊಮ್ಮೆ ಮುಚ್ಚಳ ತೆರೆದು ನೋಡುವುದೂ ಅದಕ್ಕೆ ಹಿಂಸೆಯೇ. ರೆಕ್ಕೆ ಮುರಿದಿದ್ದರೆ, ಎರಡು ಗಂಟೆ ಕಳೆದರೂ ಚೇತರಿಸದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಚೆಲುವಾದ ಹಕ್ಕಿಯೆಂದು ಮನೆಯಲ್ಲಿ ಸಾಕಿಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿಲ್ಲ. ಪೆಟ್ಟಿಗೆಯೊಳಗೆ ಪರಚುವ ಸದ್ದು ಕೇಳಿದರೆ ಹಕ್ಕಿ ಚೇತರಿಸಿಕೊಂಡಿದೆ ಎಂದರ್ಥ. ಆಗ ಅದನ್ನು ಪೊದೆಗಳಿರುವ ಕಡೆಗೆ ಒಯ್ದು ನೆಲದ ಮೇಲಿಟ್ಟು, ಮುಚ್ಚಳವನ್ನು ತೆರೆದು ದೂರ ಸರಿಯಬೇಕು. ತೆರೆಯುವ ಮೊದಲು ಎದುರಿಗೆ ಗಾಜಿನ ಕಿಟಕಿ ಇಲ್ಲವೆಂಬುದನ್ನು ಒಮ್ಮೆ ನೋಡಿಕೊಳ್ಳಬೇಕು.