ಕೆಂಪು ದೀಪ ಬಂತು, ಇನ್ನೂ ಅರವತ್ತು ಕಿಲೋಮೀಟರ್ ಇದೆ: ಓಡಿಸಬಹುದಾ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮೀಟಿಂಗ್ ಮಧ್ಯೆ ವಿಡಿಯೋ ನೋಡೋಕಾಗಲ್ಲ ಅನ್ನೋರು ಓದಿಕೊಳ್ಳಿ. ಮನೆಯಲ್ಲಿ ಕಾರು ಓಡಿಸೋ ಬೇರೆಯವರಿಗೂ ಕಳಿಸಿ.

ಪುಣೆ, ನಾಸಿಕ್, ಛತ್ರಪತಿ ಸಂಭಾಜಿನಗರದ ಕಡೆ ಇರೋ ನಮ್ಮವರಿಂದ ಪದೇ ಪದೇ ಬರೋ ಪ್ರಶ್ನೆ ಒಂದೇ: "ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪ ಬಂತು, ಊರು ಇನ್ನೂ ಅರವತ್ತು ಕಿಲೋಮೀಟರ್ ಇದೆ, ಓಡಿಸಬಹುದಾ?" ಯಾವ ದೀಪ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಕೆಲವು ದೀಪಕ್ಕೆ ಅರವತ್ತಲ್ಲ, ಆರುನೂರು ಕಿಲೋಮೀಟರ್ ಓಡಿಸಬಹುದು. ಒಂದೆರಡು ದೀಪಕ್ಕೆ ಆರುನೂರು ಮೀಟರ್ ಕೂಡ ಜಾಸ್ತಿ.

ನಾಸಿಕ್ ನಮಗೆ ತೀರಾ ಪರಕೀಯ ಊರೇನಲ್ಲ. ಅಡುಗೋಡಿಯ ಮೈಕೋ ಕಂಪನಿ ಬೆಂಗಳೂರಿಂದ ಹೊರಗೆ ಕಟ್ಟಿದ ಕಾರ್ಖಾನೆ ಅಲ್ಲಿ ಸಾತ್ಪುರದಲ್ಲಿದೆ. ಕಂಪನಿ ಹೆಸರು 2008ರಲ್ಲಿ ಬಾಷ್ ಆಯ್ತು, ಆದರೂ ನಾಸಿಕ್‌ನಲ್ಲಿ ಇವತ್ತಿಗೂ ಒಂದು ಮೈಕೋ ಸರ್ಕಲ್ ಇದೆ, ನಮ್ಮಲ್ಲಿ ಮೈಕೋ ಲೇಔಟ್ ಇರೋ ಹಾಗೆ. ಈ ಕಡೆ ಸಂಭಾಜಿನಗರದ ಶೇಂದ್ರಾದಲ್ಲಿ ಸ್ಕೋಡಾ, ವಾಳೂಜ್‌ನಲ್ಲಿ ಬಜಾಜ್. ಈ ಎರಡು ಊರುಗಳ ನಡುವೆ ಈಗ ನಮ್ಮವರೆಲ್ಲ ಹಿಡಿಯೋ ದಾರಿ ಸಮೃದ್ಧಿ ಮಹಾಮಾರ್ಗ. ನಾಗಪುರದಿಂದ ಶಿರಡಿವರೆಗಿನ ಭಾಗ 2022ರ ಡಿಸೆಂಬರ್ 11ಕ್ಕೆ ತೆರೆಯಿತು, ಕೊನೆಯ ತುಂಡು 2025ರ ಜೂನ್ 5ಕ್ಕೆ. ಒಟ್ಟು 701 ಕಿ.ಮೀ., ಕಾರಿಗೆ ವೇಗದ ಮಿತಿ 120. ಬೈಕ್, ಆಟೋಗೆ ಪ್ರವೇಶ ಇಲ್ಲ. ಅಂದರೆ ಯೇವಲಾ ಮೇಲೆ ಹೋಗೋ ಹಳೆ ರಸ್ತೆಯಲ್ಲಿ ಸಿಗೋ ಪಂಕ್ಚರ್ ಅಂಗಡಿ, ಚಹಾದ ಟಪರಿ, "ಏನಾಯ್ತು ಸಾಹೇಬ್" ಅಂತ ಬೈಕ್ ನಿಲ್ಲಿಸಿ ಕೇಳೋ ಮನುಷ್ಯ, ಯಾವುದೂ ಇಲ್ಲಿ ಸಿಗಲ್ಲ. ಇಂಥ ರಸ್ತೆಯಲ್ಲಿ ಡ್ಯಾಶ್‌ಬೋರ್ಡನ್ನ ನೀವೇ ಓದಬೇಕಾಗುತ್ತೆ.

ಬಣ್ಣದಿಂದ ಶುರು ಮಾಡೋಣ. ದೀಪದ ಚಿತ್ರಗಳಿಗೂ ಬಣ್ಣಗಳಿಗೂ ಐಎಸ್‌ಒ 2575 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದಕ್ಕೇ ಮಹೀಂದ್ರಾ ಆಗಲಿ ಟೊಯೊಟಾ ಆಗಲಿ, ಚಿತ್ರ ಹೆಚ್ಚುಕಮ್ಮಿ ಒಂದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಲಾಗ್ ಲೆವೆಲ್. ಹಸಿರು, ನೀಲಿ ಅಂದರೆ ಇನ್ಫೋ. ಹಳದಿ ಅಂದರೆ ವಾರ್ನಿಂಗ್, ಟಿಕೆಟ್ ಹಾಕಿ, ಈ ವಾರದಲ್ಲಿ ನೋಡಿಸಿ. ಕೆಂಪು ಅಂದರೆ ಪ್ರೊಡಕ್ಷನ್ ಬಿದ್ದಿದೆ.

ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುತ್ತವಲ್ಲ, ಅದು ಅಲಂಕಾರ ಅಲ್ಲ, ದೀಪಗಳ ಸ್ವಯಂ ಪರೀಕ್ಷೆ. ಆಗ ಹೊತ್ತದೇ ಇರೋ ದೀಪ, ತೊಂದರೆ ಬಂದಾಗಲೂ ಹೊತ್ತಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು ಇದನ್ನ ತಪ್ಪದೆ ನೋಡಿ. ಏರ್‌ಬ್ಯಾಗ್ ದೀಪ ಕೀ ತಿರುಗಿಸಿದಾಗ ಬರಲೇ ಇಲ್ಲ ಅಂದರೆ, ಯಾರೋ ಅದರ ಬಾಯಿ ಮುಚ್ಚಿಸಿರೋ ಸಾಧ್ಯತೆ ಇದೆ.

ಈಗ ಅತಿ ಮುಖ್ಯವಾದದ್ದು: ಅಲ್ಲಾವುದ್ದೀನನ ದೀಪದ ಹಾಗೆ ಕಾಣೋ ಕೆಂಪು ಆಯಿಲ್ ದೀಪ. ಬಹಳ ಜನ ಇದನ್ನ "ಆಯಿಲ್ ಕಮ್ಮಿ ಆಗಿದೆ, ಮುಂದಿನ ಬಂಕಲ್ಲಿ ಹಾಕಿಸೋಣ" ಅಂತ ಓದ್ತಾರೆ. ಆ ದೀಪ ಹೇಳ್ತಿರೋದು ಆಯಿಲ್ ಮಟ್ಟದ ಬಗ್ಗೆ ಅಲ್ಲ, ಒತ್ತಡದ ಬಗ್ಗೆ. ಇಂಜಿನ್ ಒಳಗೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಮೇಲೆ ನೇರವಾಗಿ ಕೂತಿರಲ್ಲ, ಪಂಪ್ ಒತ್ತಿ ಕಳಿಸೋ ಆಯಿಲ್‌ನ ತೆಳು ಪದರದ ಮೇಲೆ ತೇಲ್ತಾ ತಿರುಗುತ್ತೆ. ಒತ್ತಡ ಹೋದರೆ ಆ ಪದರ ಹೋಯ್ತು, ಲೋಹಕ್ಕೆ ಲೋಹ ಉಜ್ಜುತ್ತೆ. ಸ್ವಿಚ್ ಈ ದೀಪ ಹೊತ್ತಿಸೋದೇ ಒತ್ತಡ ಹೆಚ್ಚುಕಮ್ಮಿ ಅರ್ಧ ಬಾರ್‌ಗಿಂತ ಕೆಳಗೆ ಇಳಿದ ಮೇಲೆ. ಅಂದರೆ ಅದು ಮುನ್ಸೂಚನೆ ಅಲ್ಲ, ಆಗಿಹೋದ ಸುದ್ದಿ. ನಿಮ್ಮ ಕೈಯಲ್ಲಿರೋದು ಕೆಲವೇ ನಿಮಿಷ, ವೇಗದಲ್ಲಿದ್ದರೆ ಅಷ್ಟೂ ಇಲ್ಲ.

ನನಗೆ ಗೊತ್ತಿರೋ ಒಬ್ಬರು ತ್ರ್ಯಂಬಕೇಶ್ವರಕ್ಕೆ ಹೋಗ್ತಾ, ಕಿತ್ತುಹೋದ ರಸ್ತೆಯಲ್ಲಿ ಕಲ್ಲೊಂದು ಕಾರಿನ ತಳಕ್ಕೆ ಬಡಿದು ಆಯಿಲ್ ಸಂಪ್ ಒಡೆಯಿತು. ದೀಪ ಬಂತು. ಹಿಂದಿನ ಸೀಟಲ್ಲಿ ವಯಸ್ಸಾದ ಅತ್ತೆ ಮಾವ, ಹೊರಗೆ ಮಳೆ. "ಹತ್ತು ಕಿಲೋಮೀಟರ್ ತಾನೇ" ಅಂತ ನಿಧಾನವಾಗಿ ಓಡಿಸಿದರು. ದೇವಸ್ಥಾನ ಮುಟ್ಟೋ ಮೊದಲೇ ಇಂಜಿನ್ ಹಿಡ್ಕೊಂಡು ನಿಂತುಹೋಯ್ತು. ಸಂಪ್ ಬದಲಿಸಿದ್ದರೆ ಕೆಲವು ಸಾವಿರದಲ್ಲಿ ಮುಗಿಯೋದು, ಇಂಜಿನ್ ಬಿಚ್ಚಿ ಕಟ್ಟೋ ಬಿಲ್ ಲಕ್ಷ ದಾಟಿತು. ನಿಧಾನ ಓಡಿಸಿದರೆ ಇಂಜಿನ್‌ಗೆ ಕರುಣೆ ತೋರಿಸಿದ ಹಾಗೆ ಅಂತ ಅನ್ನಿಸೋದು ಸಹಜ. ಆದರೆ ಪಂಪಿಗೆ ಎಳೆಯೋಕೆ ಆಯಿಲ್ಲೇ ಇಲ್ಲದಾಗ ನಿಧಾನಕ್ಕೂ ವೇಗಕ್ಕೂ ಅಂಥ ವ್ಯತ್ಯಾಸ ಇಲ್ಲ. ಆದ್ದರಿಂದ ಈ ದೀಪ ಬಂದರೆ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು, ಇಂಜಿನ್ ಆಫ್. ಆಮೇಲೆ ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿ ಇದ್ದರೂ ಮತ್ತೆ ಸ್ಟಾರ್ಟ್ ಮಾಡಬೇಡಿ, ಪಂಪೇ ಹೋಗಿರಬಹುದು. ಟೋಯಿಂಗ್‌ಗೆ ಫೋನ್ ಮಾಡಿ. ಕೆಲವು ಕಾರಲ್ಲಿ ಇದೇ ಚಿತ್ರ ಹಳದಿಯಲ್ಲಿ ಬರುತ್ತೆ. ಅದು ಮಟ್ಟದ ದೀಪ, ಅದಕ್ಕೆ ಮುಂದಿನ ಬಂಕ್ ನಡೆಯುತ್ತೆ.

ಎರಡನೇದು, ತಾಪಮಾನದ ಮುಳ್ಳು. ಇದರ ಬಗ್ಗೆ ಒಂದು ಗುಟ್ಟು ಹೇಳ್ತೀನಿ, ಸಾಫ್ಟ್‌ವೇರ್‌ನವರಿಗೆ ನಗು ಬರುತ್ತೆ. ಮುಳ್ಳು ಯಾವಾಗಲೂ ಸರಿಯಾಗಿ ಮಧ್ಯದಲ್ಲೇ ನಿಂತಿರುತ್ತಲ್ಲ, ನಿಜವಾದ ತಾಪಮಾನ ಅಷ್ಟು ಸ್ಥಿರವಾಗಿರಲ್ಲ. ಬಹಳ ಕಾರುಗಳಲ್ಲಿ ಸುಮಾರು 75 ಡಿಗ್ರಿಯಿಂದ 105ರವರೆಗೆ ಎಷ್ಟಿದ್ದರೂ ಮುಳ್ಳನ್ನ 90ರ ಗೆರೆ ಮೇಲೆ ಹಿಡಿದು ನಿಲ್ಲಿಸೋ ಹಾಗೆ ಪ್ರೋಗ್ರಾಮ್ ಮಾಡಿರ್ತಾರೆ. ಮುಳ್ಳು ಅಲ್ಲಾಡಿದರೆ ಗ್ರಾಹಕರು ಗಾಬರಿಯಾಗಿ ಸರ್ವೀಸ್ ಸೆಂಟರ್‌ಗೆ ಬರ್ತಾರೆ ಅಂತ! ಇದರ ಅರ್ಥ: ಮುಳ್ಳು ಮಧ್ಯದಿಂದ ಒಂದು ಚೂರು ಮೇಲೆ ಏರಿದರೂ, ಅಷ್ಟು ಹೊತ್ತಿಗೆ ಮುಚ್ಚಿಟ್ಟ ಅಂತರವೆಲ್ಲ ಮುಗಿದಿದೆ. "ಕೆಂಪು ಗೆರೆ ಇನ್ನೂ ದೂರ ಇದೆ" ಅಂತ ಕಾಯಬೇಡಿ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ. ಇಂಜಿನ್ ತಣ್ಣಗಿದ್ದಾಗ ಒಂದು ನೀಲಿ ದೀಪ, ಕುದಿಯೋ ಹೊತ್ತಿಗೆ ಒಂದು ಕೆಂಪು ದೀಪ, ನಡುವೆ ಮೌನ.

ಮುಂಬೈ ಕಡೆಯಿಂದ ಹಳೆ ಹೆದ್ದಾರಿಯಲ್ಲಿ ಕಸಾರಾ ಘಾಟ್ ಹತ್ತಿ ಇಗತ್‌ಪುರಿಗೆ ಬರೋರು ಇದನ್ನ ನೆನಪಿಡಿ. ಮೇ ತಿಂಗಳು, ಕಾರು ತುಂಬ ಜನ, ಏಸಿ ಫುಲ್, ಮುಂದೆ ಲಾರಿ ಹಿಂದೆ ಲಾರಿ, ಎರಡನೇ ಗೇರಲ್ಲಿ ತೆವಳೋದು. ರೇಡಿಯೇಟರ್‌ಗೆ ಗಾಳಿ ಸಾಲಲ್ಲ. ಮುಳ್ಳು ಏರೋಕೆ ಶುರುವಾದರೆ ಮೊದಲು ಏಸಿ ಆಫ್ ಮಾಡಿ. ಆಮೇಲೆ ಹೀಟರನ್ನ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಕಿಟಕಿ ಇಳಿಸಿ. ಕಾರೊಳಗೆ ಬೇಯ್ತೀರಿ, ನಿಜ. ಆದರೆ ಹೀಟರ್ ಅನ್ನೋದು ಎರಡನೇ ಪುಟ್ಟ ರೇಡಿಯೇಟರ್, ಇಂಜಿನ್‌ನ ಶಾಖವನ್ನ ನಿಮ್ಮ ಕಡೆ ಎಳೆಯುತ್ತೆ. ಇದು ಸುರಕ್ಷಿತ ಜಾಗ ಸಿಗೋವರೆಗಿನ ಉಪಾಯ ಮಾತ್ರ. ನಿಂತ ಮೇಲೆ ಕೂಲಂಟ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರೋದರಿಂದ ಕೂಲಂಟ್ 120 ಡಿಗ್ರಿ ಹತ್ತಿರ ಹೋದರೂ ಕುದಿಯದೆ ಕೂತಿರುತ್ತೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಬಿಟ್ಟು, ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತೆ. ಅಮ್ಮ ಕುಕ್ಕರ್ ವೆಯ್ಟ್ ಮುಟ್ಟಬೇಡ ಅಂತ ಯಾಕೆ ಹೇಳ್ತಿದ್ದರೋ ಅದೇ ಕಾರಣ. ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಬಿಡಿ.

ಇನ್ನೊಂದು ಮೋಸ ಇದೆ. ಹೋಸ್ ಒಡೆದು ಕೂಲಂಟ್ ಪೂರ್ತಿ ಸೋರಿಹೋದರೆ, ಸೆನ್ಸರ್ ದ್ರವದಲ್ಲಿ ಮುಳುಗಿರೋ ಬದಲು ಗಾಳಿಯಲ್ಲಿ ಇರುತ್ತೆ. ಆಗ ಏರಿದ ಮುಳ್ಳು ತಾನಾಗೇ ಇಳಿದುಬಿಡಬಹುದು. "ಹಾ, ಸರಿ ಹೋಯ್ತು" ಅಂತ ಖುಷಿಪಟ್ಟು ಮುಂದೆ ಹೋದರೆ ಇಂಜಿನ್ ಕಥೆ ಮುಗೀತು. ಸಿಹಿ ವಾಸನೆ, ಬಾನೆಟ್‌ನಿಂದ ಹಬೆ ಇದ್ದರೆ ಮುಳ್ಳನ್ನ ನಂಬಬೇಡಿ, ಮೂಗನ್ನ ನಂಬಿ.

ಉಳಿದ ಕೆಂಪು ದೀಪಗಳನ್ನ ಬೇಗ ಮುಗಿಸ್ತೀನಿ. ಬ್ಯಾಟರಿ ಚಿತ್ರ ಅಂದರೆ ಚಾರ್ಜ್ ಆಗ್ತಿಲ್ಲ ಅಂತ, ಸಾಮಾನ್ಯವಾಗಿ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್. ಏಸಿ, ಆಡಿಯೋ ಆಫ್ ಮಾಡಿ ಹತ್ತಿರದ ಊರಿಗೆ ಹೋಗಬಹುದು, ಆದರೆ ಮಧ್ಯೆ ಇಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದೇ ಇರಬಹುದು. ಕೆಲವು ಕಾರಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತೆ, ಆದ್ದರಿಂದ ತಾಪಮಾನದ ಮೇಲೂ ಕಣ್ಣಿಡಿ. ವೃತ್ತದೊಳಗೆ ಆಶ್ಚರ್ಯಸೂಚಕ ಬಂದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದೂ ದೀಪ ಉರಿದರೆ ಬ್ರೇಕ್ ಫ್ಲೂಯಿಡ್ ಕಮ್ಮಿ ಆಗಿದೆ, ಮುಂದೆ ಹೋಗಬೇಡಿ. ಹಳದಿ ಎಬಿಎಸ್ ದೀಪ ಒಂದೇ ಬಂದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತೆ, ಚಕ್ರ ಲಾಕ್ ಆಗದ ಹಾಗೆ ತಡೆಯೋ ಸಹಾಯ ಮಾತ್ರ ಇರಲ್ಲ. ಮಳೆಯಲ್ಲಿ ಅಂತರ ಜಾಸ್ತಿ ಬಿಡಿ.

ಹಳದಿ ಇಂಜಿನ್ ಚಿತ್ರಕ್ಕೆ ಜನ ವಿಪರೀತ ಹೆದರ್ತಾರೆ, ಅಷ್ಟು ಬೇಕಾಗಿಲ್ಲ. ಅದು ಮುಖ್ಯವಾಗಿ ಹೊಗೆಗೆ ಸಂಬಂಧಪಟ್ಟ ದೀಪ. ಸುಮ್ಮನೆ ಉರೀತಾ ಇದ್ದು, ಕಾರು ಮಾಮೂಲಿನ ಹಾಗೆ ಓಡ್ತಿದ್ದರೆ ಊರು ಮುಟ್ಟಿ ನೋಡಿಸಿ. ಮಿನುಗ್ತಾ ಇದ್ದು ಕಾರು ಜರ್ಕ್ ಹೊಡೀತಿದ್ದರೆ ಕಥೆ ಬೇರೆ. ಸಿಲಿಂಡರ್ ಒಳಗೆ ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ, ಆ ಭಾಗ ಸುಟ್ಟರೆ ದೊಡ್ಡ ಖರ್ಚು. ವೇಗ ಇಳಿಸಿ, ನಿಲ್ಲಿಸಿ. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್‌ನ ಒಂದು ಓಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಚುಚ್ಚೋ ಬ್ಲೂಟೂತ್ ರೀಡರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತೆ, ಫೋನಲ್ಲಿ ಕೋಡ್ ಓದಬಹುದು. ಪಿ 0300 ಅಂದರೆ ಮಿಸ್‌ಫೈರ್, ಪಿ 0420 ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ. ಕೋಡ್ ಲಕ್ಷಣ ಹೇಳುತ್ತೆ, ಕಾರಣ ಹೇಳಲ್ಲ. ಸ್ಟಾಕ್ ಟ್ರೇಸ್‌ನ ಮೊದಲ ಸಾಲು ನೋಡಿ ಬಗ್ ಫಿಕ್ಸ್ ಮಾಡಬೇಡಿ.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಕಾರು ಇರೋರಿಗೆ ಡಿಪಿಎಫ್ ದೀಪ ಗೊತ್ತಿರಬೇಕು. ಹೊಗೆಯ ಮಸಿ ಹಿಡಿಯೋ ಜಾಲರಿ ಅದು, ಆಗಾಗ ಬಿಸಿಯಾಗಿ ಮಸಿ ಸುಟ್ಟುಕೊಳ್ಳಬೇಕು. ಹಿಂಜವಡಿಯ ಟ್ರಾಫಿಕ್‌ನಲ್ಲೇ ದಿನಾ ತೆವಳಿದರೆ ಅದಕ್ಕೆ ಬಿಸಿಯೇ ಸಿಗಲ್ಲ. ದೀಪ ಬಂದ ಮೊದಲ ಹಂತದಲ್ಲಿ ಹೆದ್ದಾರಿಗೆ ಹೋಗಿ 15–20 ನಿಮಿಷ ಒಂದೇ ಸಮ ಓಡಿಸಿದರೆ ಸಾಮಾನ್ಯವಾಗಿ ಸಾಕು. ಅಂಥವರಿಗೆ ಸಂಭಾಜಿನಗರದ ಟ್ರಿಪ್ ಒಂದು ಔಷಧಿ, ಎಲ್ಲೋರಾದಲ್ಲಿ ನಮ್ಮ ರಾಷ್ಟ್ರಕೂಟರ ಕೈಲಾಸವನ್ನೂ ನೋಡಿದ ಹಾಗಾಯ್ತು.

ಈಗ ಸಮೃದ್ಧಿ ರಸ್ತೆಗೆ ನೇರವಾಗಿ ತಟ್ಟೋ ವಿಷಯ, ಟೈರ್. ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಇರೋ ಹಳದಿ ದೀಪ ಅದು. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲೇ ಟೈರ್ ಸಿಡಿದು ಆದ ಅಪಘಾತಗಳಿಂದ, ಸಾರಿಗೆ ಇಲಾಖೆಯವರು ಪ್ರವೇಶದ ಹತ್ತಿರ ಟೈರ್ ತಪಾಸಣೆ ಶುರು ಮಾಡಿದ್ದರು. ನಮ್ಮಲ್ಲಿ ಒಂದು ನಂಬಿಕೆ ಇದೆ: ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತೆ, ಅದಕ್ಕೆ ಎರಡು ಮೂರು ಪಿಎಸ್‌ಐ ಕಮ್ಮಿ ಹಾಕಿಸಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಮ್ಮಿ ಇದ್ದಷ್ಟೂ ಟೈರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತೆ, ಮಡಚಿದಷ್ಟೂ ಬಿಸಿ, ನೂರರ ಮೇಲಿನ ವೇಗದಲ್ಲಿ ಆ ಬಿಸಿಯೇ ಅದನ್ನ ಸಿಡಿಸೋದು. ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರೋ ಅಂಕಿಯನ್ನೇ ಹಾಕಿಸಿ, ಬೆಳಗ್ಗೆ ಟೈರ್ ತಣ್ಣಗಿದ್ದಾಗ. ತುಂಬಿದ ಕಾರಿಗೆ ಅದೇ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಇರುತ್ತೆ.

ದೀಪ ಬಂದಿಲ್ಲ ಅಂದರೆ ಟೈರ್ ಸರಿ ಇದೆ ಅಂತಲೂ ಅಲ್ಲ. ಕೆಲವು ಕಾರುಗಳಲ್ಲಿ ಚಕ್ರದೊಳಗೇ ಸೆನ್ಸರ್ ಇದ್ದು ಒತ್ತಡ ಅಳೆಯುತ್ತೆ. ಇನ್ನು ಕೆಲವದರಲ್ಲಿ ಅಳೆಯೋದೇ ಇಲ್ಲ. ಎಬಿಎಸ್ ಸೆನ್ಸರ್‌ನಿಂದ ನಾಲ್ಕು ಚಕ್ರಗಳ ಸುತ್ತು ಹೋಲಿಸಿ, ಒಂದು ಬೇರೆ ಥರ ತಿರುಗಿದರೆ ದೀಪ ಹಾಕುತ್ತೆ. ನಾಲ್ಕೂ ಟೈರಲ್ಲಿ ಸಮನಾಗಿ ಗಾಳಿ ಇಳಿದಿದ್ದರೆ ಅದಕ್ಕೆ ಗೊತ್ತೇ ಆಗದಿರಬಹುದು. ಟೈರ್‌ನ ವಯಸ್ಸಂತೂ ಯಾವ ದೀಪಕ್ಕೂ ಗೊತ್ತಿಲ್ಲ. ಪಕ್ಕದ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬೆಂಗಳೂರಲ್ಲಿ ವಾರಕ್ಕೊಮ್ಮೆ ತೆಗೆಯೋ ಕಾರಿನ ಟೈರ್ ಸವೆದಿರಲ್ಲ, ಹಳತಾಗಿರುತ್ತೆ.

ಸ್ಪೀಡೋಮೀಟರ್ ಬಗ್ಗೆ ಒಂದು ಮಾತು. ಅದು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋ ಹಾಗಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು ಅನ್ನೋದು ನಿಯಮ. ಮ್ಯಾಪ್‌ನಲ್ಲಿ 113, ಮೀಟರ್‌ನಲ್ಲಿ 120 ಕಂಡರೆ ಕಾರು ಕೆಟ್ಟಿಲ್ಲ. 2019ರ ಜುಲೈ ನಂತರದ ಕಾರು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಹಾಕುತ್ತೆ. ಅದನ್ನ ಆಫ್ ಮಾಡಿಸಿಕೊಡ್ತೀವಿ ಅನ್ನೋ ಅಂಗಡಿಗೆ ಹೋಗಬೇಡಿ. ಇನ್ನು ಪೆಟ್ರೋಲ್ ಇಷ್ಟು ಕಿಲೋಮೀಟರ್‌ಗೆ ಸಾಕು ಅಂತ ತೋರಿಸೋ ಅಂಕಿ, ನೀವು ಇತ್ತೀಚೆಗೆ ಓಡಿಸಿದ್ದರ ಸರಾಸರಿಯಿಂದ ಮಾಡಿದ ಅಂದಾಜು. 90ರಿಂದ 120ಕ್ಕೆ ಏರಿದರೆ ಗಾಳಿಯ ಎಳೆತ ಸುಮಾರು 1.8 ಪಟ್ಟು, ಅಂಕಿ ಕಣ್ಣೆದುರೇ ಕುಸಿಯುತ್ತೆ. ಬಂಕ್‌ಗಳು ಇಲ್ಲಿ ಹೆಜ್ಜೆಗೊಂದು ಇಲ್ಲ. ಸಿನ್ನರ್‌ನಲ್ಲಿ ರಸ್ತೆ ಹತ್ತೋ ಮೊದಲೇ ತುಂಬಿಸಿಕೊಳ್ಳಿ.

ನಿಲ್ಲಲೇಬೇಕಾಗಿ ಬಂದರೆ ಪೂರ್ತಿ ಎಡಕ್ಕೆ ತಂದು, ಹಜಾರ್ಡ್ ಹಾಕಿ, ತ್ರಿಕೋನ ಹಿಂದೆ ದೂರ ಇಟ್ಟು, ಎಲ್ಲರನ್ನೂ ಕಾರಿಂದ ಇಳಿಸಿ ತಡೆಗೋಡೆಯ ಆಚೆ ಕೂರಿಸಿ. ಕಾರೊಳಗೆ ಏಸಿ ಹಾಕ್ಕೊಂಡು ಕಾಯೋದು ಬೇಡ. ಹಿಂದಿಂದ ಬರೋ ಲಾರಿಯವನು ನಿದ್ದೆಯಲ್ಲಿರಬಹುದು. ರಾಷ್ಟ್ರೀಯ ಹೆದ್ದಾರಿಗೆ ಸಹಾಯವಾಣಿ 1033. ಸಮೃದ್ಧಿ ರಾಜ್ಯದ ಎಂಎಸ್‌ಆರ್‌ಡಿಸಿ ರಸ್ತೆ, ಅದರ ಸಹಾಯವಾಣಿ ಬೇರೆ, ಹತ್ತೋ ಮೊದಲೇ ಹುಡುಕಿ ಫೋನಲ್ಲಿ ಇಟ್ಟುಕೊಳ್ಳಿ. ಏನೂ ತೋಚದಿದ್ದರೆ 112.

ಮೆಕ್ಯಾನಿಕ್ ಹತ್ತಿರ ಹಿಂದಿ ನಡೆಯುತ್ತೆ, ಆದರೆ ಎರಡು ಮಾತು ಮರಾಠಿ ಆಡಿದರೆ ಫೋನಿನ ಆ ಕಡೆಯ ದನಿಯೇ ಬದಲಾಗುತ್ತೆ. "ದಾದಾ, ಲಾಲ್ ದಿವಾ ಲಾಗಲಾಯ್" ಅಂದರೆ ಕೆಂಪು ದೀಪ ಹೊತ್ತಿದೆ. "ಗಾಡಿ ಗರಮ್ ಝಾಲೀಯ್" ಅಂದರೆ ಗಾಡಿ ಬಿಸಿಯಾಗಿದೆ. ಮತ್ತೆ ಇಂಜಿನ್ ಆಫ್ ಮಾಡಿದ ಮೇಲೆ ದೀಪವೂ ಹೋಗಿಬಿಡುತ್ತೆ. ಆದ್ದರಿಂದ ಗಾಡಿ ನಿಂತ ಕೂಡಲೇ, ಪಕ್ಕದಲ್ಲಿ ಕೂತವರ ಕೈಲಿ ಡ್ಯಾಶ್‌ಬೋರ್ಡಿನ ಒಂದು ಫೋಟೋ ತೆಗೆಸಿ ಅವನಿಗೆ ವಾಟ್ಸಾಪ್ ಮಾಡಿ, ಸರಿಯಾದ ಸಾಮಾನು ತಗೊಂಡು ಬರ್ತಾನೆ.