ಗೊಂಬೆಯ ಕಣ್ಣಿಗೆ ಜೀವ ಬರುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಗೊಂಬೆಗಳ ಪೈಕಿ ಬಹುಪಾಲಿನವುಗಳ ಕಣ್ಣು ನೀಲಿ. ನಮ್ಮ ಮಕ್ಕಳ ಕಣ್ಣಿನಂತೆ ದಟ್ಟ ಕಂದು ಬಣ್ಣದ ಕಣ್ಣನ್ನು ಮನೆಯಲ್ಲೇ ಮಾಡಿ ಕೂರಿಸೋಣವೆಂದು ಹೊರಟವರಿಗೆ ಸಾಮಾನ್ಯವಾಗಿ ಒಂದು ನಿರಾಸೆ ಕಾದಿರುತ್ತದೆ. ಎಷ್ಟೇ ನಾಜೂಕಾಗಿ ಬಣ್ಣ ಹಚ್ಚಿದರೂ ಅದು ಗುಂಡಿಯಂತೆ ಕಾಣುತ್ತದೆಯೇ ಹೊರತು ಕಣ್ಣಿನಂತೆ ಕಾಣುವುದಿಲ್ಲ. ಇಲ್ಲಿನ ಕೊರತೆ ಕೈಚಳಕದ್ದಲ್ಲ, ದೃಗ್ವಿಜ್ಞಾನದ್ದು.

ನಮ್ಮ ಕಣ್ಣಿನಲ್ಲಿ ಬಣ್ಣವಿರುವುದು ಹೊರಮೈಯಲ್ಲಲ್ಲ. ಬಣ್ಣದ ಪರದೆಯಾದ ಐರಿಸ್, ಪಾರದರ್ಶಕ ಕಾರ್ನಿಯದ ಶಿಖರದಿಂದ ಸುಮಾರು 3.6 ಮಿಮೀ ಹಿಂದೆ ಇದೆ. ನಡುವೆ ನೀರಿನಂತಹ ದ್ರವ ತುಂಬಿದೆ. ಅದರ ವಕ್ರೀಭವನ ಸೂಚ್ಯಂಕ 1.336. ಕಾರ್ನಿಯದ ವಕ್ರತಾ ತ್ರಿಜ್ಯ ಸುಮಾರು 7.8 ಮಿಮೀ. ಎಂದರೆ ನಾವು ಯಾರ ಕಣ್ಣನ್ನು ನೋಡಿದರೂ ನಮಗೆ ಕಾಣುವುದು ಐರಿಸ್ ಅಲ್ಲ, ಅದರ ಮಿಥ್ಯ ಪ್ರತಿಬಿಂಬ. ಗೋಳೀಯ ಮೇಲ್ಮೈಯ ಸೂತ್ರವನ್ನು ಬಳಸಿ ಲೆಕ್ಕ ಹಾಕಿದರೆ ಈ ಪ್ರತಿಬಿಂಬ ಸುಮಾರು 3.05 ಮಿಮೀ ಆಳದಲ್ಲಿದ್ದು, ನಿಜವಾದ ಐರಿಸ್‌ಗಿಂತ ಶೇಕಡಾ 13ರಷ್ಟು ದೊಡ್ಡದಾಗಿರುತ್ತದೆ. ಪಾಪೆಯೂ ಅಷ್ಟೇ ಹಿಗ್ಗಿ ಕಾಣುತ್ತದೆ.

ಈಗ ಒಡವೆ ತಯಾರಿಸುವ ಹವ್ಯಾಸಿಗಳಿಗೆಂದು ಮಾರುವ ಗಾಜಿನ ಬಿಲ್ಲೆಯೊಂದನ್ನು ತೆಗೆದುಕೊಳ್ಳಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಮ್ಮಟ. ವ್ಯಾಸ 14 ಮಿಮೀ, ನಡುವಿನ ದಪ್ಪ 4 ಮಿಮೀ ಇರಲಿ. ಅದರ ವಕ್ರತಾ ತ್ರಿಜ್ಯವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಬಹುದು: 7ರ ವರ್ಗಕ್ಕೆ 4ರ ವರ್ಗವನ್ನು ಕೂಡಿಸಿ 8ರಿಂದ ಭಾಗಿಸಿದರೆ 8.1 ಮಿಮೀ. ಕಾರ್ನಿಯದ 7.8ಕ್ಕೆ ಎಷ್ಟು ಹತ್ತಿರ! ಗಾಜಿನ ಸೂಚ್ಯಂಕವನ್ನು 1.5 ಎಂದಿಟ್ಟುಕೊಂಡರೆ, ಚಪ್ಪಟೆ ಬದಿಗೆ ಅಂಟಿಸಿದ ಚಿತ್ರ 3.2 ಮಿಮೀ ಆಳದಲ್ಲಿ, 1.2 ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೆಲವೇ ರೂಪಾಯಿಯ ಬಿಲ್ಲೆ ಕಣ್ಣಿನ ಮುಂಭಾಗದ ಕೆಲಸವನ್ನು ಹೆಚ್ಚುಕಡಿಮೆ ಯಥಾವತ್ತಾಗಿ ಮಾಡಿಬಿಡುತ್ತದೆ. ಪಠ್ಯಪುಸ್ತಕಗಳಲ್ಲಿ ವಕ್ರೀಭವನಕ್ಕೆ ಕೊಡುವ ಒಂದು ಉದಾಹರಣೆ ಆಯತಾಕಾರದ ಗಾಜಿನ ಇಟ್ಟಿಗೆ. ಆ ಇಟ್ಟಿಗೆ ಆಳವನ್ನು ಕಡಿಮೆ ಮಾಡಿ ತೋರಿಸುತ್ತದೆ, ಆದರೆ ವಸ್ತುವನ್ನು ಹಿಗ್ಗಿಸುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳಿಗೆ ವಕ್ರಮೇಲ್ಮೈಯ ಪಾತ್ರ ಒಮ್ಮೆಗೇ ಮನದಟ್ಟಾಗುತ್ತದೆ.

ಐರಿಸ್ ಚಿತ್ರವನ್ನು ಬಿಳಿ ಹಾಳೆಯ ಮೇಲೆ 10 ಸೆಂಮೀ ವ್ಯಾಸದಲ್ಲಿ ಬಣ್ಣದ ಪೆನ್ಸಿಲ್‌ನಿಂದ ಬರೆದು, ಸ್ಕ್ಯಾನ್ ಮಾಡಿ ಹತ್ತನೇ ಒಂದಕ್ಕೆ ಇಳಿಸಿ ಮುದ್ರಿಸುವುದು ಸುಲಭ. ಚಿತ್ರ ಕುಗ್ಗಿದಂತೆ ಕೈತಪ್ಪುಗಳೂ ಕುಗ್ಗುತ್ತವೆ. ಬಿಲ್ಲೆಯ ಕೆಳಗೆ 10 ಮಿಮೀ ಐರಿಸ್ 12 ಮಿಮೀ ಆಗಿ ಕಾಣುತ್ತದೆ. ನಮ್ಮ ಐರಿಸ್ ಕೂಡ ಹೊರಗಿನಿಂದ ಕಾಣುವುದು 12 ಮಿಮೀಗೆ ಸ್ವಲ್ಪ ಕಡಿಮೆ. ಸುತ್ತ ಉಳಿಯುವ ಬಿಳಿಯನ್ನು ಹಾಗೇ ಬಿಡದೆ ತುಸು ಹಳದಿ-ಬೂದು ಛಾಯೆ ಕೊಡಬೇಕು, ಐರಿಸ್ ಅಂಚನ್ನು ಬಿಳಿಯೊಳಕ್ಕೆ ಮಸುಕಾಗಿ ಬೆರೆಸಬೇಕು. ಗೀಟು ಎಳೆದಂತಹ ಅಂಚು ಗೊಂಬೆಯ ಗುಟ್ಟನ್ನು ಬಯಲು ಮಾಡುತ್ತದೆ. ಕೃತಕ ಕಣ್ಣು ತಯಾರಿಸುವವರು ಬಿಳಿಯ ಭಾಗದಲ್ಲಿ ಕೆಂಪು ರೇಷ್ಮೆಯ ಸಣ್ಣ ಎಳೆಗಳನ್ನು ಹುದುಗಿಸಿ ರಕ್ತನಾಳಗಳನ್ನು ಮೂಡಿಸುತ್ತಾರೆ. ಗೊಂಬೆಗೆ ಅಷ್ಟೆಲ್ಲ ಬೇಡ ಎಂಬುದು ನನ್ನ ಅಭಿಪ್ರಾಯ.

ಅಂಟಿಸುವ ಹಂತವೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನ ಪ್ರಯತ್ನಗಳು ಕೆಡುವುದು ಇಲ್ಲಿಯೇ. ಗಾಜಿಗೂ ಕಾಗದಕ್ಕೂ ನಡುವೆ ಗಾಳಿಯ ತೆಳು ಪದರ ಉಳಿದರೆ ಎದುರಿನಿಂದ ನೋಡುವಾಗ ಚಿತ್ರ ಮಂಕಾಗುತ್ತದೆ, ಅಷ್ಟೆ. ಆದರೆ ಪಕ್ಕದಿಂದ ಬಹಳ ಓರೆಯಾಗಿ ನೋಡಿದಾಗ ಐರಿಸ್ ಮಾಯವಾಗಿ ಆ ಜಾಗದಲ್ಲಿ ಬೆಳ್ಳಿಯಂತಹ ಹೊಳಪು ಕಾಣುತ್ತದೆ. ಗಾಜಿನಿಂದ ಗಾಳಿಗೆ ಕ್ರಾಂತಿಕೋನ ಸುಮಾರು 42 ಡಿಗ್ರಿ. ಗುಮ್ಮಟದ ಪಕ್ಕದಿಂದ ಒಳಹೊಕ್ಕ ದೃಷ್ಟಿರೇಖೆ ತಳದ ಲಂಬದೊಡನೆ ಅದಕ್ಕಿಂತ ಹೆಚ್ಚಿನ ಕೋನ ಮಾಡಿದರೆ ಪೂರ್ಣ ಆಂತರಿಕ ಪ್ರತಿಫಲನವಾಗುತ್ತದೆ. ಕಾಗದದಿಂದ ಹೊರಟ ಬೆಳಕು ಆ ದಿಕ್ಕಿನಲ್ಲಿ ನಮ್ಮನ್ನು ತಲುಪುವುದೇ ಇಲ್ಲ. ನಾಣ್ಯದ ಮೇಲೆ ನೀರು ತುಂಬಿದ ಗಾಜಿನ ಲೋಟ ಇಟ್ಟು ಪಕ್ಕದಿಂದ ನೋಡಿದಾಗ ನಾಣ್ಯ ಕಾಣೆಯಾಗುವುದೂ, ಲೋಟದ ತಳವನ್ನು ಒದ್ದೆ ಮಾಡಿ ಇಟ್ಟರೆ ಮರಳಿ ಕಾಣುವುದೂ ಇದೇ ಕಾರಣದಿಂದ. ಅಂಟು ಇಲ್ಲಿ ನೀರಿನ ಕೆಲಸ ಮಾಡುತ್ತದೆ. ಒಣಗಿದ ಮೇಲೂ ಪಾರದರ್ಶಕವಾಗಿ ಉಳಿಯುವ ಅಂಟಿನ ಒಂದು ಹನಿಯನ್ನು ನಡುವೆ ಬಿಟ್ಟು, ಬಿಲ್ಲೆಯನ್ನು ನಿಧಾನವಾಗಿ ಒತ್ತಿ, ಗುಳ್ಳೆಗಳನ್ನು ಅಂಚಿಗೆ ತಳ್ಳಬೇಕು. ಇಂಕ್‌ಜೆಟ್ ಮುದ್ರಣದ ಬಣ್ಣ ನೀರಿನಂಶವಿರುವ ಅಂಟಿನಲ್ಲಿ ಕದಡಬಹುದು. ಲೇಸರ್ ಮುದ್ರಣ ವಾಸಿ. ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗುವ ರಾಳ ಬಳಸುವವರು ಕೈಗವಸು ಹಾಕಿಕೊಳ್ಳಲೇಬೇಕು. ಗಟ್ಟಿಯಾಗದ ರಾಳ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದ ಅಲರ್ಜಿ ಸುಲಭವಾಗಿ ಬಿಡುವಂಥದ್ದಲ್ಲ.

ಇನ್ನು ಕಂದು ಕಣ್ಣಿನ ತೊಡಕು. ನೀಲಿ ಕಣ್ಣಿನಲ್ಲಿ ನೀಲಿ ಬಣ್ಣದ ವಸ್ತುವೇನೂ ಇಲ್ಲ; ಮೆಲನಿನ್ ಕಡಿಮೆಯಿರುವ ಐರಿಸ್‌ನ ಅಂಗಾಂಶ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ಅಂಥ ಹಿನ್ನೆಲೆಯಲ್ಲಿ ಕಪ್ಪು ಪಾಪೆ ಎದ್ದು ಕಾಣುತ್ತದೆ. ಮೆಲನಿನ್ ತುಂಬಿದ ನಮ್ಮ ಕಣ್ಣುಗಳಲ್ಲಿ ಪಾಪೆಗೂ ಐರಿಸ್‌ಗೂ ವ್ಯತ್ಯಾಸವೇ ಕಡಿಮೆ. ಆದರೂ ಅವು ಜೀವಂತವಾಗಿ ಕಾಣುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಮಿನುಗು. ಕಾರ್ನಿಯ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನ ಸುಮಾರು ಶೇಕಡಾ 2.5ರಷ್ಟನ್ನು ಪ್ರತಿಫಲಿಸುವ ಪೀನದರ್ಪಣ, ಸಂಗಮದೂರ 3.9 ಮಿಮೀ. ಎರಡು ಮೀಟರ್ ದೂರದ, ಒಂದು ಮೀಟರ್ ಎತ್ತರದ ಕಿಟಕಿ ಅದರಲ್ಲಿ ಸುಮಾರು 2 ಮಿಮೀ ಎತ್ತರದ ಪ್ರತಿಬಿಂಬವಾಗುತ್ತದೆ. ಗಾಜು ಶೇಕಡಾ 4ರಷ್ಟನ್ನು ಪ್ರತಿಫಲಿಸುವುದರಿಂದ ಗೊಂಬೆಯ ಮಿನುಗು ಇನ್ನೂ ಪ್ರಖರ. ಚಿತ್ರಕಾರರು ಇಡುವ ಬಿಳಿ ಚುಕ್ಕೆ ಇದರದ್ದೇ ನಕಲು, ಆದರೆ ಗೊಂಬೆಯ ತಲೆ ತಿರುಗಿಸಿದರೆ ಆ ಚುಕ್ಕೆಯೂ ತಲೆಯ ಜೊತೆಗೇ ಹೋಗುತ್ತದೆ. ಎರಡನೆಯದನ್ನು ಗಮನಿಸುವವರು ವಿರಳ. ಮೇಲೆ ಎಡಗಡೆಯಿಂದ ಬಂದ ಬೆಳಕು ಗುಮ್ಮಟದಲ್ಲಿ ಬಾಗಿ, ಐರಿಸ್‌ನ ಕೆಳಗಿನ ಬಲಭಾಗದಲ್ಲಿ ಸಾಂದ್ರವಾಗುತ್ತದೆ. ಕಪ್ಪೆಂದು ತೋರುವ ಕಣ್ಣಿನಲ್ಲೂ ಅಲ್ಲೊಂದು ಜೇನುಬಣ್ಣದ ಕಲೆ ಹೊಳೆಯುತ್ತದೆ. ಆದ್ದರಿಂದ ಕಂದು ಬಣ್ಣವನ್ನು ನಿಜಕ್ಕಿಂತ ಒಂದು ಛಾಯೆ ತೆಳುವಾಗಿಯೇ ಮುದ್ರಿಸಿ, ಪಾಪೆಯೊಂದನ್ನೇ ಅಚ್ಚ ಕಪ್ಪಾಗಿಸಿ. ಉಳಿದದ್ದನ್ನು ಗಾಜು ನೋಡಿಕೊಳ್ಳುತ್ತದೆ.

ಈ ವಿದ್ಯೆಗೆ ಹಳೆಯ ಮನೆತನವಿದೆ. ಜರ್ಮನಿಯ ತುರಿಂಜಿಯ ಪ್ರಾಂತದ ಲೌಷಾ ಊರಿನ ಗಾಜುಗಾರ ಲುಡ್ವಿಗ್ ಮ್ಯೂಲರ್-ಊರಿ 1835ರಲ್ಲಿ ಮನುಷ್ಯರಿಗಾಗಿ ಗಾಜಿನ ಕಣ್ಣು ತಯಾರಿಸಿದ. ಗೊಂಬೆಗಳ ಕಣ್ಣಿಗೂ ಆ ಊರು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಗಾಜು ಬರುವುದು ನಿಂತಾಗ ಅಮೆರಿಕದಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್‌ನ ಕಣ್ಣುಗಳು ಬಳಕೆಗೆ ಬಂದವು. ಅಕ್ರಿಲಿಕ್‌ನ ಸೂಚ್ಯಂಕ 1.49, ಗಾಜಿಗೆ ತೀರ ಸಮೀಪ.

ಕೆಲವು ಗೊಂಬೆಗಳು ನಾವು ಹೋದಲ್ಲೆಲ್ಲ ನಮ್ಮನ್ನೇ ನೋಡುತ್ತವೆ ಎಂದು ಮಕ್ಕಳು ಹೆದರುವುದುಂಟು. ಹೆದರಿಕೆಗೆ ಆಧಾರವಿದೆ: ಪ್ಯಾರಲಾಕ್ಸ್. ಕಿಟಕಿಯ ಚೌಕಟ್ಟಿನ ಆಚೆಗಿರುವ ಮರ, ನೀವು ಬಲಕ್ಕೆ ಸರಿದರೆ ಚೌಕಟ್ಟಿನೊಳಗೆ ತಾನೂ ಬಲಕ್ಕೆ ಸರಿದಂತೆ ಕಾಣುತ್ತದಲ್ಲವೆ? ರೆಪ್ಪೆಯ ಅಂಚಿಗಿಂತ 3 ಮಿಮೀ ಹಿಂದಿರುವ ಪಾಪೆಯೂ ಹಾಗೆಯೇ. ನೀವು 20 ಡಿಗ್ರಿ ಪಕ್ಕಕ್ಕೆ ಹೋದರೆ ಅದು ಸುಮಾರು 1.1 ಮಿಮೀ ನಿಮ್ಮ ಕಡೆಗೇ ಸರಿಯುತ್ತದೆ, ಮಿದುಳು ಅದನ್ನು ಕಣ್ಣು ಹೊರಳಿತು ಎಂದು ಅರ್ಥೈಸುತ್ತದೆ. ತರಗತಿಯಲ್ಲಿ ತೋರಿಸಲು ಟೇಬಲ್ ಟೆನ್ನಿಸ್ ಚೆಂಡೊಂದನ್ನು ಎರಡು ಹೋಳು ಮಾಡಿ. ಒಂದರ ಉಬ್ಬಿದ ಮೈಮೇಲೆ, ಇನ್ನೊಂದರ ಒಳಮೈಯಲ್ಲಿ ಒಂದೇ ಅಳತೆಯ ಐರಿಸ್ ಬರೆದು ಎರಡನ್ನೂ ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ ಒಂದು ಕಣ್ಣು ಮುಚ್ಚಿಕೊಂಡು ಅತ್ತಿತ್ತ ನಡೆಯಲಿ. ಉಬ್ಬಿದ್ದು ಸುಮ್ಮನಿರುತ್ತದೆ, ಒಳಗುಳಿಯದ್ದು ಹಿಂಬಾಲಿಸುತ್ತದೆ.

ಗೊಂಬೆಯಲ್ಲಿ ಕೂರಿಸುವಾಗ ಮೊದಲು ಮೇಣದಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಕೈಬ್ಯಾಟರಿಯನ್ನು ನಿಮ್ಮ ಮೂಗಿನ ನೇರಕ್ಕೆ ಹಿಡಿದು ಎದುರಿನಿಂದ ನೋಡಿ. ಎರಡೂ ಕಣ್ಣುಗಳಲ್ಲಿ ಮಿನುಗು ಪಾಪೆಯ ಒಂದೇ ಜಾಗದಲ್ಲಿ ಬೀಳಬೇಕು, ಇಲ್ಲದಿದ್ದರೆ ಮೆಳ್ಳೆಗಣ್ಣಾಗುತ್ತದೆ. ಸರಿಹೊಂದಿದ ಮೇಲೆ ಎಪಾಕ್ಸಿ ಹಾಕಿ ಒಂದು ದಿನ ಬಿಡಿ. ಮೂರು ವರ್ಷದೊಳಗಿನ ಮಗುವಿನ ಕೈಗೆ ಇಂಥ ಗೊಂಬೆ ಬೇಡ. ಕಿತ್ತುಬಂದ ಬಿಲ್ಲೆ ನೇರ ಬಾಯಿಗೆ ಹೋಗುತ್ತದೆ.