ವಿಶೇಷ ಶೈಕ್ಷಣಿಕ ಅಗತ್ಯವುಳ್ಳ ಮಕ್ಕಳಿಗೆ ಉಚಿತ ಶಾಲಾ ಊಟ (ಇಂಗ್ಲೆಂಡ್)

ಉಚಿತ ಶಾಲಾ ಊಟವು ಇಂಗ್ಲೆಂಡಿನಲ್ಲಿ ಕಡಿಮೆ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಹಣ ಪಡೆಯದೆ ಒದಗಿಸುವ ಶಾಸನಬದ್ಧ ವ್ಯವಸ್ಥೆಯಾಗಿದೆ. ವಿಶೇಷ ಶೈಕ್ಷಣಿಕ ಅಗತ್ಯ ಅಥವಾ ಅಂಗವೈಕಲ್ಯವುಳ್ಳ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಆದರೆ ಶಾಲೆಯ ಭೋಜನಶಾಲೆಯಲ್ಲಿ ಕುಳಿತು ಉಣ್ಣಲಾಗದ ಮಗುವಿಗೆ ಅರ್ಹತೆಯಿದ್ದರೂ ಊಟ ದೊರೆಯದಿರುವ ಸಂದರ್ಭಗಳುಂಟು.

ಹಿನ್ನೆಲೆ

1906ರ ಕಾಯ್ದೆಯೊಂದು ಶಾಲಾಮಕ್ಕಳಿಗೆ ಊಟ ಒದಗಿಸುವ ಅಧಿಕಾರವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ನೀಡಿತು. 1944ರ ಶಿಕ್ಷಣ ಕಾಯ್ದೆಯು ಅದನ್ನು ಕರ್ತವ್ಯವನ್ನಾಗಿಸಿತು. ಇಂದಿನ ನಿಯಮಗಳಿಗೆ 1996ರ ಶಿಕ್ಷಣ ಕಾಯ್ದೆ ಆಧಾರವಾಗಿದೆ.

ಅರ್ಹತೆ

ಅರ್ಹತೆಯನ್ನು ಮುಖ್ಯವಾಗಿ ಕುಟುಂಬದ ಆದಾಯವು ನಿರ್ಧರಿಸುತ್ತದೆಯೇ ಹೊರತು ಮಗುವಿನ ಅಂಗವೈಕಲ್ಯವಲ್ಲ. ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವನ್ನು ಪಡೆಯುವ ಕುಟುಂಬಗಳಿಗೆ 2018ರ ಏಪ್ರಿಲ್‌ನಲ್ಲಿ ವರ್ಷಕ್ಕೆ 7,400 ಪೌಂಡ್ ಗಳಿಕೆಯ ಮಿತಿಯನ್ನು ವಿಧಿಸಲಾಯಿತು. ಈ ಮಿತಿಯನ್ನು ತೆಗೆದು, 2026ರ ಸೆಪ್ಟೆಂಬರ್‌ನಿಂದ ಅಂತಹ ಎಲ್ಲ ಕುಟುಂಬಗಳಿಗೂ ಸೌಲಭ್ಯವನ್ನು ವಿಸ್ತರಿಸುವುದಾಗಿ ಸರ್ಕಾರವು 2025ರ ಜೂನ್‌ನಲ್ಲಿ ಪ್ರಕಟಿಸಿತು. ಸರ್ಕಾರಿ ಅನುದಾನದ ಶಾಲೆಗಳ ಆರಂಭಿಕ ಮೂರು ತರಗತಿಗಳ ಮಕ್ಕಳಿಗೆ 2014ರ ಸೆಪ್ಟೆಂಬರ್‌ನಿಂದ ಆದಾಯವನ್ನು ನೋಡದೆ ಊಟ ನೀಡಲಾಗುತ್ತಿದೆ. ಶಾಲೆ ಮುಗಿಸಿ ಕಾಲೇಜು ಸೇರಿದವರಲ್ಲಿ, ಶಿಕ್ಷಣ, ಆರೋಗ್ಯ ಮತ್ತು ಆರೈಕೆ ಯೋಜನೆ ಇರುವ 19ರಿಂದ 25 ವರ್ಷದವರೂ ಆದಾಯದ ಷರತ್ತಿಗೆ ಒಳಪಟ್ಟು ಉಚಿತ ಊಟ ಪಡೆಯಬಹುದು.

ಊಟ ತಲುಪುವಲ್ಲಿನ ತೊಡಕುಗಳು

ಆಟಿಸಂ ಇರುವ ಕೆಲವು ಮಕ್ಕಳಿಗೆ ಭೋಜನಶಾಲೆಯ ಗದ್ದಲ, ವಾಸನೆ ಮತ್ತು ಜನಸಂದಣಿ ಅಸಹನೀಯವಾಗಿರುತ್ತವೆ. ಕೆಲವರು ನಿರ್ದಿಷ್ಟ ಬಣ್ಣ, ರುಚಿ ಅಥವಾ ಹದದ ಬೆರಳೆಣಿಕೆಯ ಆಹಾರಗಳನ್ನು ಮಾತ್ರ ತಿನ್ನಬಲ್ಲರು. ಇದನ್ನು ಹಟವೆಂದು ತಪ್ಪಾಗಿ ತಿಳಿಯಲಾಗುವುದುಂಟು. ನುಂಗುವ ತೊಂದರೆಯುಳ್ಳವರಿಗೆ ನುಣ್ಣಗೆ ಅರೆದ ಆಹಾರ ಬೇಕಾಗಬಹುದು. ಕೊಳವೆಯ ಮೂಲಕ ಪೋಷಣೆ ಪಡೆಯುವವರಿಗೆ ತಟ್ಟೆಯ ಊಟ ಉಪಯೋಗಕ್ಕೆ ಬರುವುದಿಲ್ಲ. ಇಂತಹ ಮಕ್ಕಳ ಪೋಷಕರು ಮನೆಯಿಂದಲೇ ಬುತ್ತಿ ಕಳುಹಿಸಿದಾಗ, ಉಚಿತ ಊಟದ ಹಕ್ಕಿದ್ದರೂ ಅದರ ಖರ್ಚು ಕುಟುಂಬದ ಮೇಲೆಯೇ ಬೀಳುತ್ತದೆ.

ದೀರ್ಘಕಾಲದ ಅನಾರೋಗ್ಯದಿಂದ ಶಾಲೆಗೆ ಹೋಗಲಾಗದ ಮಕ್ಕಳ ಸಮಸ್ಯೆಯೂ ಇದೇ ಬಗೆಯದು. ಸ್ಥಳೀಯ ಪ್ರಾಧಿಕಾರವು ಶಾಲೆಯ ಹೊರಗೆ ಶಿಕ್ಷಣದ ಏರ್ಪಾಡು ಮಾಡಿರುವ ಮಕ್ಕಳು ಯಾವ ಶಾಲೆಯಲ್ಲಿಯೂ ದಾಖಲಾಗಿರದಿದ್ದರೆ, ಅವರಿಗೆ ಊಟ ನೀಡಬೇಕಾದ ಶಾಲೆಯೇ ಇರುವುದಿಲ್ಲ.

ಕಾನೂನಿನ ಹೊಣೆ

2010ರ ಸಮಾನತಾ ಕಾಯ್ದೆಯ ಪ್ರಕಾರ, ಅಂಗವೈಕಲ್ಯದ ಕಾರಣದಿಂದ ವಿದ್ಯಾರ್ಥಿಗೆ ಗಣನೀಯ ಅನನುಕೂಲ ಉಂಟಾಗುವಲ್ಲಿ ಶಾಲೆಯು ಅದನ್ನು ನಿವಾರಿಸಲು ಸಮಂಜಸ ಹೊಂದಾಣಿಕೆಗಳನ್ನು ಮಾಡಬೇಕು. ಪ್ರತ್ಯೇಕ ಶಾಂತ ಕೋಣೆ, ಬೇರೆ ಸಮಯ ಅಥವಾ ಬದಲಿ ಆಹಾರ ಇದಕ್ಕೆ ನಿದರ್ಶನಗಳು. ಶಾಲೆಯ ಆಹಾರವನ್ನೇ ಸೇವಿಸಲಾಗದವರಿಗೆ ಅಂಗಡಿಯಲ್ಲಿ ಆಹಾರ ಕೊಳ್ಳುವ ವೋಚರ್ ನೀಡುವುದೂ ಇಂತಹ ಹೊಂದಾಣಿಕೆಯಾಗಬಹುದು. ಯಾವುದು ಸಮಂಜಸ ಎಂಬುದನ್ನು ಆಯಾ ಮಗುವಿನ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಪರಿಹಾರ ದೊರೆಯದಿದ್ದರೆ ಪೋಷಕರು ಶಾಲೆಗೆ ದೂರು ಸಲ್ಲಿಸಬಹುದು ಹಾಗೂ ಅಂಗವೈಕಲ್ಯದ ತಾರತಮ್ಯವೆಂದು ವಿಶೇಷ ಶೈಕ್ಷಣಿಕ ಅಗತ್ಯಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು.